ಗೀಟು ಹೊಡೆದ ತೆಂಗಿನಕಾಯಿ

ಮಾನ್ವಿಯಲ್ಲಿ ನಮ್ಮ ಸಣ್ಣವ್ವನ ಅಡುಗೆಮನೆಯ ಗೂಡಿನಲ್ಲಿ, ಅರಿಶಿನದ ಡಬ್ಬಿಯ ಹಿಂದೆ, ಒಂದು ಹಳೆಯ ನೋಟ್‌ಬುಕ್ ಇದೆ. ಆಕೆಯ ಮಗ ಏಳನೆಯ ತರಗತಿಯಲ್ಲಿ ಅರ್ಧ ಬರೆದು ಬಿಟ್ಟ ಗಣಿತದ ಪುಸ್ತಕ ಅದು. ಉಳಿದರ್ಧದಲ್ಲಿ ವಾರಪತ್ರಿಕೆಗಳಿಂದ ಕತ್ತರಿಸಿದ ‘ಅಡುಗೆಮನೆ ಸಲಹೆ’ಗಳನ್ನು ಗಂಜಿ ಹಚ್ಚಿ ಅಂಟಿಸಿದ್ದಾಳೆ. ಪತ್ರಿಕೆಗಳನ್ನು ಆಕೆ ಕೊಂಡವಳಲ್ಲ. ಕಿರಾಣಿ ಅಂಗಡಿಯಿಂದ ಸಾಸಿವೆ, ಜೀರಿಗೆಯ ಪೊಟ್ಟಣವಾಗಿ ಬಂದವು. ಹಾಗಾಗಿ ಎಷ್ಟೋ ಸಲಹೆಗಳಿಗೆ ತಲೆಯಿಲ್ಲ, ಕೆಲವಕ್ಕೆ ಬಾಲವಿಲ್ಲ.

ಕನ್ನಡ ಸಾಹಿತ್ಯದಲ್ಲಿ ಅಡುಗೆಮನೆ ಎಂಬ ವಿಷಯದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ನೋಟ್‌ಬುಕ್ ಕೈಗೆ ಸಿಕ್ಕಿದ್ದು ಮೂರು ವರ್ಷದ ಹಿಂದೆ. ಮೊದಲು ಓದಿದ್ದು ಮುದ್ರಿತ ಸಲಹೆಗಳನ್ನು. ಪೆನ್ನಿನಲ್ಲಿ ಹೊಡೆದ ಗೀಟುಗಳು ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ಒಡೆದ ತೆಂಗಿನಕಾಯಿ ಕೆಡದಂತೆ ಇಡುವುದು ಹೇಗೆ ಎಂಬ ಸಲಹೆಯ ಮೇಲೆ ಅಡ್ಡಗೀಟು. ಪಕ್ಕದಲ್ಲಿ, ‘ನಮ್ಮಲ್ಲಿ ಕಾಯಿ ಹಬ್ಬಕ್ಕ ಅಷ್ಟ. ಶೇಂಗಾ ಹಾಕಬೇಕು.’ ಉಳಿದ ಇಡ್ಲಿಯ ಉಪ್ಪಿಟ್ಟಿನಲ್ಲಿ ‘ಇಡ್ಲಿ’ ಹೋಗಿ ‘ಕಟಕ್ ರೊಟ್ಟಿ, ಮಜ್ಜಿಗ್ಯಾಗ ನೆನಸಿ’ ಬಂದಿದೆ. ‘ಫ್ರಿಜ್‌ನಲ್ಲಿಡಿ’ ಎಂಬಲ್ಲಿ ಫ್ರಿಜ್ ಹೊಡೆದು ಹಾಕಿ, ‘ಹಸಿ ಮರಳಿನ ಮ್ಯಾಲ ಗಡಿಗಿ, ಸುತ್ತ ಒದ್ದಿ ಗೋಣಿ. ಬ್ಯಾಸಗ್ಯಾಗ ಅಷ್ಟ. ಮಳಿಗಾಲದಾಗ ಕೆಡತೈತಿ’ ಎಂದು ಬರೆದಿದ್ದಾಳೆ.

ಈ ಕೊನೆಯ ಟಿಪ್ಪಣಿಯ ಮುಂದೆ ನಾನು ಸಾಕಷ್ಟು ಹೊತ್ತು ಕೂತಿದ್ದೇನೆ. ಪತ್ರಿಕೆಯ ಸಲಹೆಗೆ ಒಂದು ವ್ಯಾಕರಣವಿದೆ: ‘ಹೀಗೆ ಮಾಡಿದರೆ ಹೀಗಾಗುತ್ತದೆ.’ ಮಾಡುವವಳು ಯಾರು, ಯಾವ ಊರವಳು, ಯಾವ ತಿಂಗಳು, ಕೈಯಲ್ಲೆಷ್ಟು ದುಡ್ಡು ಎಂಬುದು ಆ ವಾಕ್ಯದಲ್ಲಿಲ್ಲ. ಕರ್ತೃವಿಲ್ಲದ ವಾಕ್ಯ ಅದು. ಸಣ್ಣವ್ವ ಅದಕ್ಕೆ ಕಾಲ ಸೇರಿಸುತ್ತಾಳೆ, ದೇಶ ಸೇರಿಸುತ್ತಾಳೆ. ಒದ್ದೆ ಗೋಣಿಯ ನೀರು ಆವಿಯಾಗುತ್ತ ಗಡಿಗೆಯ ಬಿಸಿಯನ್ನು ಎಳೆದುಕೊಂಡು ಹೋಗಬೇಕಾದರೆ ಗಾಳಿ ಒಣದಾಗಿರಬೇಕು. ನಲವತ್ತು ಡಿಗ್ರಿ ದಾಟುವ ರಾಯಚೂರು ಸೀಮೆಯ ಮೇ ತಿಂಗಳಲ್ಲಿ ನಡೆಯುವುದು ಮಂಗಳೂರಲ್ಲಿ ನಡೆಯದು, ಇಲ್ಲಿಯೇ ಮಳೆ ಹಿಡಿದಾಗಲೂ ನಡೆಯದು. ಇದನ್ನೆಲ್ಲ ಆಕೆ ‘ಅಷ್ಟ’ ಎಂಬ ಒಂದು ಪದದಲ್ಲಿ ಹೇಳಿ ಮುಗಿಸಿದ್ದಾಳೆ. ಇದೇ ತತ್ವದ ಮೇಲೆ, ಒಂದರೊಳಗೊಂದು ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬಿದ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬ ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಬರಬೇಕಾದದ್ದೇ. ಆದರೆ ಅಲ್ಲಿ ಆವಿಷ್ಕಾರ ಅನ್ನಿಸಿಕೊಂಡದ್ದು ಮಾನ್ವಿಯಲ್ಲಿ ಬಡತನ ಅನ್ನಿಸಿಕೊಳ್ಳುತ್ತದೆ.

ಕನ್ನಡಕ್ಕೆ ಅಡುಗೆಯ ಬರಹ ಹೊಸದೇನಲ್ಲ. ಚಾಲುಕ್ಯರ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ನೀರು ಹುಡುಕುವುದು, ಗಿಡ ಬೆಳೆಸುವುದು, ದನದ ರೋಗಗಳ ಜೊತೆಗೇ ಅಡುಗೆಗೂ ಜಾಗವಿದೆ. 16ನೆಯ ಶತಮಾನದ ಆರಂಭದಲ್ಲಿ ಮಂಗರಸ ‘ಸೂಪಶಾಸ್ತ್ರ’ವನ್ನೇ ಬರೆದ. ಅದು ಅರಸುಮಗನ ಅಡುಗೆ. ತುಪ್ಪಕ್ಕೆ ಕೈ ಹಿಡಿಯುವ ಪ್ರಶ್ನೆಯಿಲ್ಲ. ಇನ್ನು ಮಾನ್ವಿಯಲ್ಲೇ ಬದುಕಿದ ಜಗನ್ನಾಥದಾಸರ ‘ಹರಿಕಥಾಮೃತಸಾರ’ದಲ್ಲಿ ಭೋಜನಕ್ಕೆಂದೇ ಒಂದು ಸಂಧಿಯಿದೆ. ಅನ್ನ, ಹಾಲು, ತುಪ್ಪ, ಒಂದೊಂದರಲ್ಲೂ ಒಂದೊಂದು ದೇವತಾಸನ್ನಿಧಾನ. ಎಲೆಯ ಮೇಲೆ ಬಂದ ಮೇಲಿನ ಕತೆ ಅದು. ಒಲೆಯ ಮೇಲಿರುವಾಗಿನ ಕತೆ ಅಲ್ಲಿಲ್ಲ, ಇರಬೇಕೆಂದು ಕೇಳುವುದೂ ಸರಿಯಲ್ಲ. ಆದರೆ ದಾಸರ ಊರಿನಲ್ಲೇ ಒಬ್ಬಳು ಅನ್ನ ಮಿಕ್ಕರೆ ಏನು, ಸಾಲದಿದ್ದರೆ ಏನು ಎಂದು ಬರೆದಿಟ್ಟಳಲ್ಲ, ಅದನ್ನು ಯಾವ ಪ್ರಕಾರಕ್ಕೆ ಸೇರಿಸಬೇಕು? ಪಿಎಚ್.ಡಿ. ನೋಂದಣಿಯ ಸಂದರ್ಶನದಲ್ಲಿ ಒಬ್ಬ ಹಿರಿಯರು, ‘ಇದನ್ನು ಗೃಹವಿಜ್ಞಾನಕ್ಕೆ ಕಳಿಸಮ್ಮ’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ.

ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಚಿತ್ರಗಳೂ ಇವೆ. ಎಣ್ಣೆ ಡಬ್ಬಿಯ ತಗಡಿಗೆ ಮೊಳೆಯಿಂದ ತೂತು ಹೊಡೆದು, ಚೂಪು ಬದಿ ಮೇಲೆ ಮಾಡಿ ಹಲಗೆಗೆ ಬಡಿದರೆ ಗಜ್ಜರಿ ತುರಿಯುವ ಮಣೆ. ಇನ್ನೊಂದು ಹೊಟ್ಟಿನ ಒಲೆ: ಹದಿನೈದು ಕಿಲೋ ಎಣ್ಣೆಯ ಡಬ್ಬಿಯ ಕೆಳಬದಿಗೆ ಒಂದು ಕಿಂಡಿ, ನಡುವೆ ಬಾಟಲಿ ನಿಲ್ಲಿಸಿ ಸುತ್ತ ಹೊಟ್ಟು ತುಂಬಿ ಒನಕೆಯಿಂದ ಜಡಿಯುವುದು, ಆಮೇಲೆ ಬಾಟಲಿಯನ್ನು ಮೆಲ್ಲಗೆ ತಿರುವಿ ಮೇಲೆತ್ತುವುದು. ಉಳಿದ ಕೊಳವೆಯೊಳಗೆ ಕೆಳಗಿನಿಂದ ಬೆಂಕಿ ಕೊಟ್ಟರೆ ಹೊಟ್ಟು ಒಳಗಿನಿಂದ ನಿಧಾನಕ್ಕೆ ಉರಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಭತ್ತ ಬೆಳೆದು ಅಕ್ಕಿ ಗಿರಣಿಗಳಾದ ಮೇಲೆ ಮಾನ್ವಿಯಲ್ಲಿ ಹೊಟ್ಟಿಗೆ ಬರವಿಲ್ಲ. ದೇವದುರ್ಗದ ನಮ್ಮ ಮನೆಯಲ್ಲಿ ಈ ಒಲೆ ಇರಲಿಲ್ಲ. ಅಲ್ಲಿ ಹತ್ತಿಕಟ್ಟಿಗೆ. ಫರ್‌ ಅಂತ ಹತ್ತಿ ಫಟ್ಟನೆ ಆರುತ್ತದೆ, ಒಬ್ಬರು ಒಲೆಯ ಮುಂದೆ ಕೂತೇ ಇರಬೇಕು. ಅಕ್ಕತಂಗಿಯರ ಎರಡು ಮನೆ, ಎರಡು ಉರುವಲು. ಸಣ್ಣವ್ವನಿಗೆ ಬರೆಯಲು ಪುರುಸೊತ್ತು ಸಿಕ್ಕಿದ್ದು, ನಮ್ಮವ್ವನಿಗೆ ಸಿಗದಿದ್ದು ಇದರಿಂದಲೂ ಇರಬಹುದು. ಹೊಟ್ಟಿನ ಹೊಗೆಗೆ ಸಣ್ಣವ್ವ ಕೆಮ್ಮುತ್ತಾಳೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಇಂಥದ್ದನ್ನು ‘ಜುಗಾಡ್’ ಎಂದು ಕೊಂಡಾಡುವ ಲೇಖನಗಳಲ್ಲಿ ಕೆಮ್ಮು ಇರುವುದಿಲ್ಲ. ಸಣ್ಣವ್ವನ ಮಾತಿನಲ್ಲಿ ಇದೆಲ್ಲ ಬರೀ ‘ಹೊಂದಿಸೋದು’.

ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಜಿಲ್ಲೆಯದೇ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಮಾರಯ್ಯ ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ ಆಕೆ ಹಿಂದಕ್ಕೆ ಕಳಿಸಿದಳು. ವಿಮರ್ಶೆ ಇದನ್ನು ಅಪರಿಗ್ರಹ, ಕಾಯಕತತ್ವ ಎಂದು ಓದುತ್ತ ಬಂದಿದೆ. ನನಗೆ ಬೇರೊಂದು ಕಂಡಿತು. ಹೆಚ್ಚಾಗಿದೆ ಎಂದು ಆಕೆಗೆ ಗೊತ್ತಾದದ್ದು ಹೇಗೆ? ದಿನಕ್ಕೆ ಎಷ್ಟು ಹಿಡಿ ಅಕ್ಕಿ ಬೇಯುತ್ತದೆ, ಎಷ್ಟು ಜನ ಉಣ್ಣುತ್ತಾರೆ ಎಂಬ ಲೆಕ್ಕ ಕೈಯಲ್ಲಿದ್ದವಳಿಗೆ ಮಾತ್ರ ಅದು ಕಾಣುತ್ತದೆ. ತತ್ವಕ್ಕೆ ಮೊದಲು ಅಲ್ಲಿ ಅಳತೆಯಿದೆ. ಈ ಓದು ತಪ್ಪಲ್ಲ ಎಂದು ಈಗಲೂ ನನ್ನ ನಂಬಿಕೆ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಸಣ್ಣವ್ವನ ನೋಟ್‌ಬುಕ್ ಇದೇ ಪರಂಪರೆಯ ಮುಂದುವರಿಕೆ ಎಂದು ಹನ್ನೆರಡು ಪುಟ ಬರೆದೆ. ಎಂಟುನೂರು ವರ್ಷವನ್ನು ಒಂದೇ ದಾರದಲ್ಲಿ ಪೋಣಿಸಿದ ಖುಷಿಯಲ್ಲಿ, ಕಳೆದ ಸಂಕ್ರಾಂತಿಗೆ ಹೋದಾಗ ಸಣ್ಣವ್ವನಿಗೇ ಓದಿ ಹೇಳಿದೆ.

ಆಕೆ ಸಜ್ಜೆರೊಟ್ಟಿಗೆ ಎಳ್ಳು ಹಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

‘ಆಕಿ ಹೆಚ್ಚಾತಂತ ತಿರುಗಿ ಕಳಿಸಿದ್ಳಲ್ಲ ಯವ್ವಾ. ನನಗ ಯಾವತ್ತ ಹೆಚ್ಚಾಗಿತ್ತು?’

‘ಹಂಗಲ್ಲ ಸಣ್ಣವ್ವ, ಇಬ್ಬರದೂ ಅಳತಿ...’

‘ಅಳತಿ ಅಂದ್ರ, ನಂದು ಕಿರಾಣಿ ಅಂಗಡ್ಯಾಗ ಉದ್ರಿ ಬರಸ್ತಿದ್ನಲ್ಲ, ಅದರ ಅಳತಿ. ಬ್ಯಾಡ ಅಂದವಳಲ್ಲ ನಾ. ಇದ್ದಿದ್ರ ಕಾಯೀನೂ ಹಾಕತಿದ್ದೆ.’

ಲಕ್ಕಮ್ಮನದು ನಿರಾಕರಣೆ. ಬೇಡ ಎನ್ನುವ ಅಧಿಕಾರ ಆಕೆಯ ಕೈಯಲ್ಲಿತ್ತು, ಆಕೆಯ ಘನತೆ ಇರುವುದೂ ಅಲ್ಲಿಯೇ. ಸಣ್ಣವ್ವ ಗೀಟು ಹೊಡೆದದ್ದು ತೆಂಗಿನಕಾಯಿ ಬೇಡವೆಂದಲ್ಲ, ಇಲ್ಲವೆಂದು. ಇಲ್ಲದ್ದನ್ನು ಬೇಡದ್ದೆಂದು ಓದಿ, ಅದಕ್ಕೆ ವಚನಕಾರ್ತಿಯ ಹೆಸರಿಟ್ಟದ್ದು ನಾನು. ಹೀಗೆ ಓದಿದಾಗ ಆಕೆಯ ಉದ್ರಿ ಲೆಕ್ಕ ಅಳಿಸಿಹೋಗುತ್ತದೆ, ನನ್ನ ಅಧ್ಯಾಯ ಚೆನ್ನಾಗಿ ಕಾಣುತ್ತದೆ.

ರಾಯಚೂರಿಗೆ ಬಂದು ಆ ಹನ್ನೆರಡು ಪುಟ ತೆಗೆದುಹಾಕಿದೆ. ಫೆಲೋಶಿಪ್ ಬರದೆ ಐದು ತಿಂಗಳಾಗಿತ್ತು. ಬಾಡಿಗೆ ಕೋಣೆಯಲ್ಲಿ ಇಡ್ಲಿ ತಟ್ಟೆಯಿಲ್ಲದೆ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಅದರ ಮೇಲೆ ಹಿಟ್ಟು ಹೊಯ್ದು ಬೇಯಿಸುತ್ತಿದ್ದೆ. ಅದು ನೋಟ್‌ಬುಕ್ಕಿನಲ್ಲಿ ಗೀಟಿಲ್ಲದೆ ಉಳಿದ ಕೆಲವೇ ಸಲಹೆಗಳಲ್ಲಿ ಒಂದು. ಈಗ ಅಧ್ಯಾಯವನ್ನು ಗೀಟುಗಳಿಂದಲೇ ಶುರು ಮಾಡಿದ್ದೇನೆ. ಒಟ್ಟು ನಲವತ್ತೊಂದು ಗೀಟುಗಳಿವೆ, ಅದರಲ್ಲಿ ಹದಿಮೂರು ತೆಂಗಿನಕಾಯಿಯವು. ಮೂರು ಗೀಟುಗಳ ಪಕ್ಕ ಏನೂ ಬರೆದಿಲ್ಲ: ಬಾದಾಮಿ, ಕೇಸರಿ, ಓವನ್. ಆ ಮೂರರ ಬಗ್ಗೆ ಕೇಳಬೇಕೆಂದು ಮೊನ್ನೆ ಫೋನ್ ಮಾಡಿದೆ. ಗಿರಣಿಯಲ್ಲಿ ಪಾಳಿ ಹಚ್ಚಿದ್ದೇನೆ, ಆಮೇಲೆ ಮಾಡು ಅಂದಳು.