ಗುರುತು ಹೇಳದೆ ಹೋದ ಅತಿಥಿ

ಈ ವಾರ ಒಂದು ಸಿನಿಮಾದ ಬಗ್ಗೆ ಬರೆಯೋಣವೆಂದು ಕುಳಿತೆ. ಬರೆಯುತ್ತ ಹೋದ ಹಾಗೆ, ಕೆಲವು ವರ್ಷಗಳ ಹಿಂದೆ ನಾನೇ ಬರೆದು ಕಳಿಸಿದ್ದ ಒಂದು ವರದಿಯೂ ಅದರೊಳಗೆ ಬಂದು ಕೂತಿತು. ಹಾಗಾಗಿ ಎರಡನ್ನೂ ಒಟ್ಟಿಗೇ ಓದುತ್ತೇನೆ.

ಸಿನಿಮಾ ಇಟಲಿಯದು, 2013ರಲ್ಲಿ ಬಂದದ್ದು. ಹೆಸರು ‘ವಿಯಾಜ್ಜೊ ಸೋಲಾ’, ಅಂದರೆ ‘ಒಬ್ಬಳೇ ಪ್ರಯಾಣ ಮಾಡುತ್ತೇನೆ’. ನಿರ್ದೇಶಕಿ ಮರಿಯಾ ಸೋಲೆ ತೊನ್ಯಾತ್ಸಿ. ಮಾರ್ಗರೀತಾ ಬುಯ್ ನಟಿಸಿರುವ ನಾಯಕಿ ಇರೇನೆಯ ಕೆಲಸವೇ ವಿಚಿತ್ರ. ಐಷಾರಾಮಿ ಹೋಟೆಲುಗಳಲ್ಲಿ ಸಾಮಾನ್ಯ ಗಿರಾಕಿಯಂತೆ ಉಳಿದು, ಅಲ್ಲಿನ ಸೇವೆಯನ್ನು ಗುಟ್ಟಾಗಿ ಅಳೆಯುವುದು. ಬಿಳಿ ಕೈಗವಸು ಹಾಕಿಕೊಂಡು ಧೂಳು ಹುಡುಕುತ್ತಾಳೆ, ಬಡಿಸಿದ್ದರ ಬಿಸಿ ನೋಡುತ್ತಾಳೆ, ಕರೆದ ಮೇಲೆ ಬರಲು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡುತ್ತಾಳೆ.

ನಿಟ್ಟೆಯ ಮನೆಯಲ್ಲಿ, ಮಳೆಗಾಲದ ಒಂದು ರಾತ್ರಿ, ಕರೆಂಟು ಹೋಗಿ ಬಂದು ಮಾಡುತ್ತಿದ್ದಾಗ ನಾನು ಇದನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಅರ್ಧಕ್ಕೇ ನಿಲ್ಲಿಸಬೇಕಾಯಿತು. ಯಾಕೆಂದರೆ ಎರಡು ವರ್ಷ ನಾನೂ ಇದೇ ಕೆಲಸ ಮಾಡಿದ್ದೆ. ಇರೇನೆಯ ದರ್ಜೆಯದಲ್ಲ. ರಜೆ ಸಿಕ್ಕಾಗ ಕಾರ್ಕಳದಲ್ಲಿ ರಾತ್ರಿ ಬಸ್ಸು ಹತ್ತಿ ಹೋಗಿ, ಮಧ್ಯಮ ದರದ ಹೋಟೆಲುಗಳಲ್ಲಿ ಒಂದೆರಡು ರಾತ್ರಿ ಉಳಿದು, ಫಾರಂ ತುಂಬಿ ಕಳಿಸುವುದು. ಖರ್ಚು ವಾಪಸು ಬರುತ್ತಿತ್ತು, ಮೇಲೆ ಸ್ವಲ್ಪ ಸಂಭಾವನೆ.

ಸಿನಿಮಾ ಈ ಕೆಲಸದ ಒಂಟಿತನವನ್ನು ಚೆನ್ನಾಗಿ ಹಿಡಿದಿದೆ. ಎಲ್ಲ ಸೌಕರ್ಯವೂ ಇದೆ, ಯಾವುದೂ ತನ್ನದಲ್ಲ. ತಂಗಿಗೆ ಮನೆ, ಮಕ್ಕಳು, ಗಡಿಬಿಡಿ ಇವೆ. ಇರೇನೆಗೆ ಸೂಟ್‌ಕೇಸು ಇದೆ. ಬರ್ಲಿನ್ನಿನಲ್ಲಿ ಪರಿಚಯವಾದ ಮಾನವಶಾಸ್ತ್ರಜ್ಞೆಯೊಬ್ಬಳು ಹೋಟೆಲಿನಲ್ಲೇ ಹಠಾತ್ತನೆ ತೀರಿಕೊಂಡಾಗ ಇರೇನೆ ನಡುಗಿಹೋಗುತ್ತಾಳೆ. ತನ್ನ ಸಾವೂ ಹೀಗೇ ಯಾವುದೋ ಕೋಣೆಯಲ್ಲಿ ಆದರೆ ಎಂಬ ಭಯ ಅದು. ಈ ಭಾಗ ನಾಟಕೀಯತೆಗೆ ಹೋಗದೆ ಮನಸ್ಸಿಗೆ ತಟ್ಟುತ್ತದೆ.

ನನ್ನ ತಕರಾರು ಬೇರೆ. ಸಿನಿಮಾದ ಕರುಣೆ ಬಹುಪಾಲು ಅಳೆಯುವವಳಿಗೇ ಮೀಸಲಾಗಿದೆ. ಅಳೆಸಿಕೊಂಡವರು, ಅಂದರೆ ಹಾಸಿಗೆ ಹಾಸಿದವರು, ತಟ್ಟೆ ತಂದವರು, ಚೌಕಟ್ಟಿನ ಅಂಚಿನಲ್ಲಿ ಬಂದು ಹೋಗುತ್ತಾರೆ. ಇರೇನೆ ಕೊನೆಗೆ ತನ್ನ ಗುರುತು ಬಿಚ್ಚಿಡುವುದೂ ಮ್ಯಾನೇಜರರ ಮುಂದೆ. ವರದಿ ಮೇಲಿನಿಂದ ಕೆಳಗೆ ಇಳಿದು, ಕೊನೆಯ ಮೆಟ್ಟಿಲಿನಲ್ಲಿ ನಿಂತವನ ತಲೆಯ ಮೇಲೆ ಬಿದ್ದಾಗ ಏನಾಗುತ್ತದೆ? ಸಿನಿಮಾ ಅಲ್ಲಿಯವರೆಗೆ ಹೋಗುವುದಿಲ್ಲ. ದೂರುವ ಹಕ್ಕು ನನಗೂ ಇಲ್ಲ, ನಾನೂ ಹೋಗಿರಲಿಲ್ಲ.

ಬೆಂಗಳೂರಿನ ಒಂದು ಹೋಟೆಲು. ಎರಡನೆಯ ದಿನ ನನಗೆ ಜ್ವರ. ತಿಂಡಿಯ ಹೊತ್ತಿಗೆ ಕೆಳಗೆ ಬಂದು ಕೂತು, ಮನೆಗೆ ಫೋನಿನಲ್ಲಿ ತುಳುವಿನಲ್ಲಿ ಮಾತಾಡಿದೆ. ತಟ್ಟೆ ತೆಗೆಯಲು ಬಂದ ಹುಡುಗನ ಮುಖ ಅರಳಿತು. “ಅಣ್ಣ, ಇರೆನ ಊರು ಓಲು?” ಅಂದ. ನಿಮ್ಮ ಊರು ಎಲ್ಲಿ ಅಂತ. ಅವನದು ಬೈಲೂರಿನ ಕಡೆಯಂತೆ. ಕಾರ್ಕಳದ ಆಚೆಗೊಂದು ದಾರಿ, ಈಚೆಗೊಂದು ದಾರಿ, ಅಷ್ಟೇ ನಮ್ಮ ಅಂತರ. ನಾನು ನಿಟ್ಟೆ ಅನ್ನಲಿಲ್ಲ. ಮಂಗಳೂರು ಅಂದೆ. ಗುರುತು ಕೊಡಬಾರದೆಂಬುದು ನಮಗಿದ್ದ ಮೊದಲ ಪಾಠ. ಜ್ವರವೆಂದು ಗೊತ್ತಾದ ಮೇಲೆ ಅವನು ಒಳಗೆ ಹೋಗಿ, ಕೆಲಸದವರಿಗೆಂದು ಮಾಡಿದ್ದ ಕುಚ್ಚಲಕ್ಕಿ ಗಂಜಿಯನ್ನು ಒಂದು ಬಟ್ಟಲಲ್ಲಿ ತಂದಿಟ್ಟ. ಜೊತೆಗೆ ಒಂದು ಚೂರು ಮಾವಿನ ಉಪ್ಪಿನಕಾಯಿ. ಬಿಲ್ಲಿಗೆ ಹಾಕಲಿಲ್ಲ.

ರಾತ್ರಿ ಫಾರಂ ತುಂಬಿದೆ. ಸಿಬ್ಬಂದಿ ಅತಿಥಿಯ ಖಾಸಗಿ ವಿಷಯ ಕೇಳಿದರೇ? ಹೌದು. ಮೆನುವಿನಲ್ಲಿಲ್ಲದ, ಬಿಲ್ಲಿಗೆ ಬಾರದ ಪದಾರ್ಥ ಕೊಟ್ಟರೇ? ಹೌದು. ಸಿಬ್ಬಂದಿಯ ಹೆಸರು? ಎದೆಯ ಮೇಲಿನ ಪಟ್ಟಿಯಲ್ಲಿ ಓದಿದ್ದೆ, ಬರೆದೆ.

ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಆ ವರದಿ ಸುಳ್ಳು. ಬರವಣಿಗೆಯಾಗಿ ಅದನ್ನು ಓದಿದರೆ ಅದರ ದೋಷ ಸ್ಪಷ್ಟ. ಅಲ್ಲಿ ‘ಏನು’ ಇದೆ, ‘ಎಷ್ಟು ಹೊತ್ತು’ ಇದೆ, ‘ಯಾಕೆ’ ಬರೆಯಲು ಜಾಗವಿಲ್ಲ. ಅದರಲ್ಲಿ ಪಾತ್ರಗಳಿವೆ, ಅವರಿಗೆ ಮಾತಿಲ್ಲ. ನಿರೂಪಕನಿದ್ದಾನೆ, ಅವನು ತನ್ನ ಸುಳ್ಳನ್ನು ಎಲ್ಲೂ ದಾಖಲಿಸುವುದಿಲ್ಲ. ಊರು ಯಾವುದೆಂದು ಕೇಳಿದ್ದು ತಪ್ಪಾಗಿ ದಾಖಲಾಯಿತು. ಊರು ಮುಚ್ಚಿಟ್ಟದ್ದು ದಾಖಲಾಗಲೇ ಇಲ್ಲ.

ಮಾರುವೇಷದ ಅತಿಥಿ ನಮಗೇನೂ ಹೊಸಬನಲ್ಲ. ಕಂಚಿಯ ಸಿರಿಯಾಳನ ಮನೆಗೆ ಶಿವ ಬಂದದ್ದು ಜಂಗಮನ ವೇಷದಲ್ಲಿ. ಕೇಳಿದ್ದು ಮಗನ ಮಾಂಸದ ಊಟ. ಅದಕ್ಕಿಂತ ಕ್ರೂರವಾದ ಆತಿಥ್ಯದ ಪರೀಕ್ಷೆ ಇರಲಾರದು. ಆದರೂ ಆ ಕತೆಯನ್ನು ನಾವು ಸಹಿಸಿಕೊಳ್ಳುತ್ತೇವೆ. ಯಾಕೆಂದರೆ ಕೊನೆಗೆ ಶಿವ ವೇಷ ಕಳಚುತ್ತಾನೆ, ಚೀಲಾಳ ಹೊರಗಿನಿಂದ ಓಡಿ ಬರುತ್ತಾನೆ. ಶ್ರೀನಿವಾಸ ನಾಯಕ ಪುರಂದರದಾಸನಾದ ಕತೆಯಲ್ಲೂ ಅಷ್ಟೆ. ಹೆಂಡತಿ ಕೊಟ್ಟ ಮೂಗುತಿ ಬಡ ಬ್ರಾಹ್ಮಣನ ಕೈಯಿಂದ ಗಂಡನ ಅಂಗಡಿಗೇ ಬಂದು, ಸುತ್ತಿ ಮತ್ತೆ ಮನೆ ಸೇರುತ್ತದೆ. ಬಂದವನು ಯಾರೆಂಬುದು ಆಗ ತಿಳಿಯುತ್ತದೆ. ಪರೀಕ್ಷಿಸಿದವನು ಪರೀಕ್ಷೆಗೊಳಗಾದವರಿಗೆ ಮುಖ ತೋರಿಸಬೇಕು, ತೆಗೆದುಕೊಂಡದ್ದನ್ನು ತಿರುಗಿಸಬೇಕು. ಈ ಕತೆಗಳ ನ್ಯಾಯ ಅಂಥದ್ದು.

ಮೂರನೆಯದೂ ಒಂದಿದೆ. ವನವಾಸದಲ್ಲಿ ಪಾಂಡವರ ಬಳಿಗೆ ದೂರ್ವಾಸ ಶಿಷ್ಯರ ದಂಡು ಕಟ್ಟಿಕೊಂಡು ಬಂದದ್ದು ದ್ರೌಪದಿಯ ಊಟ ಮುಗಿದ ಮೇಲೆ, ಅಕ್ಷಯಪಾತ್ರೆ ಬರಿದಾದ ಹೊತ್ತಿಗೆ. ಕಳಿಸಿದವನು ದುರ್ಯೋಧನ. ಹಸಿವು ನೆಪ, ತಪ್ಪು ಹುಡುಕುವುದು ಉದ್ದೇಶ. ನನ್ನ ಕೆಲಸದ ವಂಶ ಯಾವುದೆಂದು ಕೇಳಿದರೆ ಇದನ್ನೇ ತೋರಿಸಬೇಕೇನೋ. ದೂರ್ವಾಸನಿಗಾದರೂ ಹೆಸರಿತ್ತು, ಬಂದವನು ಯಾರೆಂದು ದ್ರೌಪದಿಗೆ ಗೊತ್ತಿತ್ತು.

ಹಾಗೆಂದು ಗುಟ್ಟಿನ ಪರೀಕ್ಷೆಯೇ ಬೇಡವೆನ್ನಲೂ ಮನಸ್ಸು ಒಪ್ಪುವುದಿಲ್ಲ. ತಪಾಸಣೆಗೆ ಬರುವ ದಿನ ಗೊತ್ತಿದ್ದರೆ ಆ ದಿನ ಮಾತ್ರ ಪರದೆ ಒಗೆಯುವುದು ಎಲ್ಲ ಕಡೆಯೂ ಇದೆ. ನಮ್ಮ ಉಡುಪಿ ಹೋಟೆಲುಗಳ ಹಳೆಯ ವೈಭವ ಹೇಳುವಾಗ, ಅವುಗಳಲ್ಲಿ ಅನೇಕ ಕಡೆ ಒಂದು ಕಾಲಕ್ಕೆ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇತ್ತೆಂಬುದನ್ನೂ, ಊರು ಬಿಟ್ಟು ಬಂದ ಸಣ್ಣ ಮಾಣಿಗಳು ಬೆಳಗಿನ ಜಾವದಿಂದ ರಾತ್ರಿಯವರೆಗೆ ಲೋಟ ತೊಳೆದರೆಂಬುದನ್ನೂ ಮರೆಯುತ್ತೇವೆ. ಆಗ ಯಾರಾದರೂ ಗುಟ್ಟಾಗಿ ಕೂತು ವರದಿ ಬರೆದಿದ್ದರೆ ಒಳ್ಳೆಯದೇ ಆಗುತ್ತಿತ್ತು.

ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಬಗೆಯ ಪರೀಕ್ಷೆಯೂ ಹುಟ್ಟಿತು. ಕೋಟದ ಬಳಿಯ ಪಾರಂಪಳ್ಳಿಯಿಂದ ಹೋದ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ್ದು ಮುಂದೆ ಎಂ.ಟಿ.ಆರ್. ಆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದರು. ಪಾತ್ರೆಗಳನ್ನು ಕುದಿಯುವ ಹಬೆಯಲ್ಲಿ ತೊಳೆಯುವುದನ್ನು ರೂಢಿಗೆ ತಂದರು, ಗಿರಾಕಿಗಳಿಗೆ ಅಡುಗೆಮನೆಯನ್ನು ತೆರೆದಿಟ್ಟರು. ಊಟದ ಕೋಣೆಗೆ ಹೋಗುವವರು ಅಡುಗೆಮನೆ ಹಾದು ಹೋಗುತ್ತಿದ್ದರು. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆ ಇಳಿಸಬೇಕಾಗಿ ಬಂದಾಗ ಗುಣಮಟ್ಟ ಇಳಿಸದೆ, ಪ್ರತಿದಿನದ ನಷ್ಟವನ್ನು ಹೊರಗೆ ಬೋರ್ಡಿನಲ್ಲಿ ಬರೆದು ಹಾಕಿದರಂತೆ. ಇಲ್ಲಿ ಮುಚ್ಚಿಟ್ಟದ್ದು ಯಾವುದೂ ಇಲ್ಲ. ಗಿರಾಕಿ ಅಡುಗೆಯವರನ್ನು ನೋಡುತ್ತಾನೆ, ಅಡುಗೆಯವರೂ ಗಿರಾಕಿಯನ್ನು ನೋಡುತ್ತಾರೆ. ದೋಸೆ ಯಾಕೆ ತಡವಾಯಿತೆಂದರೆ ಕಾವಲಿಯ ಮುಂದೆ ನಿಂತವನೇ ಹೇಳಬಲ್ಲ. ನನ್ನ ಫಾರಂನಲ್ಲಿ ಇಲ್ಲದಿದ್ದ ‘ಯಾಕೆ’ಗೆ ಅಲ್ಲಿ ಜಾಗವಿತ್ತು.

ಇವತ್ತು ನಿಟ್ಟೆಯಿಂದ ಹೆಚ್ಚು ದೂರವಲ್ಲದ ಮಣಿಪಾಲದಲ್ಲಿ ಹೋಟೆಲ್ ನಿರ್ವಹಣೆ ಕಲಿಸುವ ದೊಡ್ಡ ಕಾಲೇಜಿದೆ. ಪಾತ್ರೆಯ ಆಕಾರದಲ್ಲಿ ಕಟ್ಟಿದ, 2018ರಲ್ಲಿ ತೆರೆದ ಪಾಕಕಲೆಯ ಮ್ಯೂಸಿಯಂ ಕೂಡ ಇದೆ. ಅಲ್ಲಿ ಓದಿದವರಲ್ಲಿ ಕೆಲವರಾದರೂ ಮುಂದೆ ಇಂಥ ಫಾರಂಗಳನ್ನು ರೂಪಿಸುವ ಕುರ್ಚಿಯಲ್ಲಿ ಕೂರುತ್ತಾರೆ. ಅವರಿಗೆ ನಾನು ಈ ಸಿನಿಮಾ ತೋರಿಸುತ್ತೇನೆ. ಮುಗಿದ ಮೇಲೆ ಒಂದು ಅಭ್ಯಾಸ ಕೊಡುತ್ತೇನೆ: ಇರೇನೆಯ ಒಂದು ದಿನವನ್ನು ಆ ಮಹಡಿಯ ಕೋಣೆ ಗುಡಿಸುವವಳ ಕಣ್ಣಿನಿಂದ ಬರೆಯಿರಿ ಎಂದು. ಸಿನಿಮಾ ಬಿಟ್ಟ ಅರ್ಧ ಆಗ ಕಾಣಿಸೀತು.

ನನ್ನ ಕತೆಗೂ ಆ ಅರ್ಧವಿಲ್ಲ. ಒಮ್ಮೆ ಹೋದ ಹೋಟೆಲಿಗೆ ನಮ್ಮನ್ನು ಮತ್ತೆ ಕಳಿಸುತ್ತಿರಲಿಲ್ಲ, ಮುಖ ನೆನಪಿರುತ್ತದೆಂದು. ನಾನಾಗಿ ಹೋಗಬಹುದಿತ್ತು, ಹೋಗಲಿಲ್ಲ. ಆ ಹುಡುಗನಿಗೆ ಎಚ್ಚರಿಕೆ ಕೊಟ್ಟರೋ, ಸಂಬಳ ಹಿಡಿದರೋ, ಏನೂ ಮಾಡಲಿಲ್ಲವೋ ನನಗೆ ಗೊತ್ತಿಲ್ಲ. ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಬೈಲೂರಿನ ಬಸ್ಸು ನಿಂತಿದ್ದರೆ ಈಗಲೂ ಕಿಟಕಿಗಳನ್ನು ನೋಡುತ್ತೇನೆ. ಅವನು ಕಂಡರೆ ಮೊದಲು ಹೇಳಬೇಕಾದದ್ದು ಊರಿನ ಹೆಸರು. ಎನ್ನ ಊರು ನಿಟ್ಟೆ, ಮಾರಾಯ.