ಚೆಂಡು ಬಿಟ್ಟು ಒಸಾನೊ ಅವರನ್ನು ನೋಡಿ

ಆಫ್ರಿಕಾದ ಆಟಗಾರ ಮೈದಾನಕ್ಕಿಳಿದರೆ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು, ‘ಎಂಥ ಮೈಕಟ್ಟಪ್ಪಾ!’ ಸೇಲಂ ಜಿಲ್ಲೆಯ ನಂಗವಳ್ಳಿಯಲ್ಲಿ ಹೊಸದಾಗಿ ಫುಟ್‌ಬಾಲ್ ನೋಡಲು ಕೂತವರು ಈ ಮಾತನ್ನು ಮೊದಲ ದಿನವೇ ಬದಿಗಿಟ್ಟರೆ ಅರ್ಧ ರಸಿಕರಾದಂತೆ. ಮೈಕಟ್ಟು ಬಿಟ್ಟು ಆಟ ನೋಡುವ ಅಭ್ಯಾಸಕ್ಕೆ ಕರ್ಟಿಸ್ ಒಸಾನೊ ಅವರಂಥ ಡಿಫೆಂಡರ್ ಬೇಕು.

ಅವರು ಹುಟ್ಟಿದ್ದು 1987ರಲ್ಲಿ, ಕೀನ್ಯಾದ ನೈರೋಬಿಯಲ್ಲಿ. ಆಟ ಕಲಿತದ್ದು ಇಂಗ್ಲೆಂಡಿನ ರೆಡಿಂಗ್ ಕ್ಲಬ್ಬಿನ ಅಕಾಡೆಮಿಯಲ್ಲಿ. ಅಕಾಡೆಮಿಯಲ್ಲಿ ಕಲಿತವರೆಲ್ಲ ಅದೇ ಕ್ಲಬ್ಬಿಗೆ ಆಡುವುದಿಲ್ಲವಲ್ಲ. ಒಸಾನೊ ಕೆಳಹಂತದ ಲೀಗಿನ ರಷ್ಡನ್ ಅಂಡ್ ಡೈಮಂಡ್ಸ್ ಸೇರಿದರು. 2011ರಲ್ಲಿ ಆ ಕ್ಲಬ್ಬೇ ಮುಚ್ಚಿಹೋಯಿತು. ಆಮೇಲೆ ಲೂಟನ್ ಟೌನ್, ಎಎಫ್‌ಸಿ ವಿಂಬಲ್ಡನ್. 2013ರಲ್ಲಿ, 26ನೇ ವಯಸ್ಸಿನಲ್ಲಿ, ಆಗಷ್ಟೇ ಹುಟ್ಟಿದ್ದ ಬೆಂಗಳೂರು ಎಫ್‌ಸಿಗೆ ಬಂದರು. ಕೆಳಹಂತದ ಇಂಗ್ಲಿಷ್ ಲೀಗುಗಳಲ್ಲಿ ಚೆಂಡು ಪದೇ ಪದೇ ಆಕಾಶಕ್ಕೇರುತ್ತದೆ. ಅದು ಎಲ್ಲಿ ಬೀಳುತ್ತದೆಂದು ಎದುರಾಳಿಗಿಂತ ಮೊದಲು ಲೆಕ್ಕ ಹಾಕದ ಡಿಫೆಂಡರ್‌ಗೆ ಅಲ್ಲಿ ಉಳಿಗಾಲವಿಲ್ಲ.

ಇನ್ನು ನೋಡುವ ಬಗೆ. ಪಂದ್ಯದ ಮೊದಲ ಕಾಲು ಗಂಟೆ ಚೆಂಡನ್ನು ಮರೆತು ಒಬ್ಬ ಡಿಫೆಂಡರ್ ಮೇಲೆ ಕಣ್ಣಿಡಿ. ಚೆಂಡು ಆ ಕಡೆಯ ಗೆರೆಯ ಬಳಿ ಇರುವಾಗ ಆತ ಸುಮ್ಮನೆ ನಿಂತಂತೆ ಕಾಣುತ್ತಾನೆ. ಸುಮ್ಮನಿಲ್ಲ. ಮೈ ಅರ್ಧ ತಿರುಗಿದೆ, ಹೆಗಲ ಮೇಲಿಂದ ಹಿಂದಿರುವ ಸ್ಟ್ರೈಕರ್‌ನನ್ನು ನೋಡುತ್ತಿದ್ದಾನೆ, ಜೊತೆಗಾರನಿಗೆ ಕೈಸನ್ನೆ ಮಾಡುತ್ತಿದ್ದಾನೆ. ಚೆಂಡು ಹೊರಡುವ ಮೊದಲು ಇಬ್ಬರೂ ಒಟ್ಟಿಗೆ ಎರಡು ಹೆಜ್ಜೆ ಮುಂದಿಟ್ಟರೆ ಸ್ಟ್ರೈಕರ್ ಅವರ ಹಿಂದೆ ಗೋಲಿನ ಕಡೆ ಉಳಿದು ಆಫ್‌ಸೈಡ್, ಅಂದರೆ ನಿಯಮದ ಹೊರಗೆ. ಒಬ್ಬ ತಡಮಾಡಿದರೂ ಗೋಲು. ಕಬಡ್ಡಿಯಲ್ಲಿ ಮೂಲೆಯವನು ರೈಡರ್‌ನ ಕಾಲಿಗಾಗಿ ಕಾಯುವುದನ್ನು ಬಲ್ಲವರಿಗೆ ಈ ಕಾಯುವಿಕೆಯ ರುಚಿ ಬೇಗ ಹತ್ತುತ್ತದೆ. ಬೆಂಗಳೂರಿನಲ್ಲಿ ಒಸಾನೊ ಅವರ ಜೊತೆಗಾರರಾಗಿದ್ದವರು ಇಂಗ್ಲೆಂಡಿನ ಜಾನ್ ಜಾನ್ಸನ್.

ಜಾರಿಬಿದ್ದು ಚೆಂಡು ಕಸಿಯುವುದಕ್ಕೆ ಗ್ಯಾಲರಿಯಲ್ಲಿ ಚಪ್ಪಾಳೆ ಜೋರು. ನನಗಂತೂ ಅನುಮಾನ: ಮೊದಲೇ ಸರಿಯಾದ ಜಾಗದಲ್ಲಿದ್ದಿದ್ದರೆ ಜಾರುವ ಪ್ರಮೇಯ ಬರುತ್ತಿತ್ತೇ? ಟಿವಿಯಲ್ಲಿ ಇದೆಲ್ಲ ಕಾಣುವುದು ಕಷ್ಟ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಒಮ್ಮೆಯಾದರೂ ಧರ್ಮಪುರಿ, ಹೊಸೂರು ದಾಟಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ, ಮೇಲಿನ ಸಾಲಿನಲ್ಲಿ ಕೂತು ನೋಡಿ.

ಆಶ್ಲಿ ವೆಸ್ಟ್‌ವುಡ್ ತರಬೇತಿಯ ಬೆಂಗಳೂರು ತಂಡ ಮೊದಲ ಸೀಸನ್ನಿನಲ್ಲೇ, ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗ್ ಗೆದ್ದಿತು. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊವನ್ನು 4–2ರಿಂದ ಮಣಿಸಿದಾಗ ಪ್ರಶಸ್ತಿ ಖಚಿತವಾಯಿತು. ಜನ ನೆನೆಯುವುದು ಸುನಿಲ್ ಛೇತ್ರಿ ಗೋಲುಗಳನ್ನು. ಸಹಜವೇ. ಹಿಂದೆ ನಿಂತವರ ಲೆಕ್ಕ ಬರೆಯುವವರು ಕಡಿಮೆ.

ಕಣ್ಣು ಪಳಗಿದ ಮೇಲೆ 2015ರ ಮೇ 31ರ ಐ-ಲೀಗ್ ಪಂದ್ಯದ ವಿಡಿಯೊ ನೋಡಿ. ಕಂಠೀರವದಲ್ಲಿ ಪ್ರಶಸ್ತಿಗೆ ಬೆಂಗಳೂರಿಗೆ ಗೆಲುವೇ ಬೇಕು, ಕೋಲ್ಕತ್ತದ ಮೋಹನ್ ಬಾಗನ್‌ಗೆ ಡ್ರಾ ಸಾಕು. ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೇ ನಿಮಿಷದಲ್ಲಿ ಬಾಗನ್ ತಂಡದ, ನೈಜೀರಿಯಾದ ಡಿಫೆಂಡರ್ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಇಲ್ಲೂ ‘ಏನು ಶಕ್ತಿ’ ಎನ್ನುವವರು ಸಿಗುತ್ತಾರೆ. ಚೆಂಡು ಬರುವ ಮೊದಲು ಅವರು ಎಲ್ಲಿದ್ದರು, ಯಾವಾಗ ಹೊರಟರು ಎಂಬುದನ್ನು ಹಿಂದಕ್ಕೆ ಹಾಕಿ ಎರಡು ಸಲ ನೋಡಿ. ಪಂದ್ಯ 1–1, ಪ್ರಶಸ್ತಿ ಕೋಲ್ಕತ್ತಕ್ಕೆ. ಮರುವರ್ಷ ಅದು ಮತ್ತೆ ಬೆಂಗಳೂರಿಗೆ ಬಂತು.