ಕರೆಂಟ್ ಹೋದಾಗ ಎರಡನೇ ಮಾನಿಟರ್

ಬೋರನಕಣಿವೆ ಸುತ್ತಲಿನ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವವರಿಗೆ ಕರೆಂಟ್ ಹೋದದ್ದು ಮೊದಲು ಗೊತ್ತಾಗುವುದು ಎರಡನೇ ಮಾನಿಟರಿನಿಂದ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ, ದೊಡ್ಡ ಪರದೆ ಆರುತ್ತದೆ. ಅದರ ತುಂಬ ಹರಡಿದ್ದ ವಿಂಡೋಗಳೆಲ್ಲ ದಡಬಡನೆ ಸಣ್ಣ ಪರದೆಗೆ ಬಂದು ಒಂದರ ಮೇಲೊಂದು ಬೀಳುತ್ತವೆ.

ಬಿದ್ದರೆ ಪುಣ್ಯ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಕಂಪ್ಯೂಟರ್ ಕಡೆಯಿಂದಲೇ 5 ವೋಲ್ಟ್ ಹರಿಯುತ್ತದೆ. ಆ ಬಲದಲ್ಲಿ ಕೆಲವು ಮಾನಿಟರ್‌ಗಳು ಆರಿದ ಮೇಲೂ ಹಾಜರಿ ಹಾಕುತ್ತಿರುತ್ತವೆ. ವಿಂಡೋ ಅಲ್ಲೇ ಕತ್ತಲಲ್ಲಿ ಉಳಿಯುತ್ತದೆ. ಆಲ್ಟ್-ಟ್ಯಾಬ್‌ನಿಂದ ಅದನ್ನು ಹಿಡಿದು, ವಿಂಡೋಸ್ ಮತ್ತು ಶಿಫ್ಟ್ ಕೀ ಜೊತೆ ಬಾಣದ ಕೀ ಒತ್ತಿದರೆ ಈಚೆಗೆ ಬರುತ್ತದೆ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಯಾವ ವಿಂಡೋ ಯಾವ ಮಾನಿಟರಿನಲ್ಲಿತ್ತು ಎಂಬ ನೆನಪಿದೆ. ಕರೆಂಟ್ ಬಂದರೆ ಸಾಮಾನ್ಯವಾಗಿ ಅವು ತಮ್ಮ ಜಾಗಕ್ಕೆ ಮರಳುತ್ತವೆ.

ಕರೆಂಟ್ ನಂಬಲಾಗದ ಕಡೆ ಮೂರನೇ ಮಾನಿಟರಿಗೆ ದುಡ್ಡು ಸುರಿಯುವುದಕ್ಕಿಂತ ವರ್ಚುವಲ್ ಡೆಸ್ಕ್‌ಟಾಪ್ ರೂಢಿಸಿಕೊಳ್ಳುವುದೇ ಲೇಸು. ಜೆರಾಕ್ಸ್ ಪಾರ್ಕ್ ಪ್ರಯೋಗಾಲಯ 1986ರಲ್ಲೇ ‘ರೂಮ್ಸ್’ ಹೆಸರಿನಲ್ಲಿ ಇದನ್ನು ಮಾಡಿ ತೋರಿಸಿತ್ತು. ವಿಂಡೋಸ್ ಬಳಸುವವರಿಗೆ ಸಿದ್ಧವಾಗಿ ಸಿಕ್ಕಿದ್ದು 2015ರ ವಿಂಡೋಸ್ 10ರಲ್ಲಿ. ವಿಂಡೋಸ್-ಕಂಟ್ರೋಲ್-ಡಿ ಒತ್ತಿದರೆ ಹೊಸ ಡೆಸ್ಕ್‌ಟಾಪ್. ಡಿ ಬದಲು ಅಕ್ಕಪಕ್ಕದ ಬಾಣ ಒತ್ತಿದರೆ ಅದರಿಂದ ಇದಕ್ಕೆ ಓಡಾಟ.

ತಿಪಟೂರಿನ ಕೊಬ್ಬರಿ ವರ್ತಕರನ್ನೇ ತೆಗೆದುಕೊಳ್ಳಿ. ಇ-ಟೆಂಡರಿನಲ್ಲಿ ಲಾಟ್‌ವಾರು ಧಾರಣೆ ನಮೂದಿಸಬೇಕು, ಇನ್ನೊಬ್ಬರು ಎಷ್ಟು ಹಾಕಿದ್ದಾರೆಂದು ಕಾಣುವುದಿಲ್ಲ. ಅವಸರದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಗತಿ? ಟೆಂಡರ್ ಪುಟಕ್ಕೆ ಒಂದು ಡೆಸ್ಕ್‌ಟಾಪನ್ನೇ ಬಿಟ್ಟುಕೊಟ್ಟು, ಟ್ಯಾಲಿ ಲೆಕ್ಕ, ವಾಟ್ಸ್‌ಆಪ್ ಎಲ್ಲವನ್ನೂ ಇನ್ನೊಂದಕ್ಕೆ ಅಟ್ಟುವುದು ಕ್ಷೇಮ.

ಆದರೆ ವಿಂಡೋಸಿನ ಒಂದು ಹಟ ಕಾಡುತ್ತದೆ. ಡೆಸ್ಕ್‌ಟಾಪ್ ಬದಲಿಸಿದರೆ ಎಲ್ಲ ಮಾನಿಟರ್‌ಗಳೂ ಒಟ್ಟಿಗೇ ಬದಲಾಗುತ್ತವೆ; ಪಕ್ಕದ ಪರದೆಯಲ್ಲಿದ್ದ ಲಾಟ್ ಪಟ್ಟಿಯೂ ಮಾಯ! ಆಪಲ್ 2013ರ ಮಾವರಿಕ್ಸ್‌ನಲ್ಲಿ ಒಂದೊಂದು ಪರದೆಗೂ ಅದರದೇ ಡೆಸ್ಕ್‌ಟಾಪ್‌ಗಳನ್ನು ಕೊಟ್ಟಿತು. ಲಿನಕ್ಸಿನ ಗ್ನೋಮ್ ಇನ್ನೂ ಜಾಣ: ಮುಖ್ಯ ಪರದೆ ಮಾತ್ರ ಬದಲಾಗಲಿ, ಉಳಿದದ್ದು ಕದಲದಿರಲಿ ಎಂಬುದೇ ಅಲ್ಲಿನ ಮೂಲ ಏರ್ಪಾಡು. ಒಂದು ಕಡೆ ಪಟ್ಟಿ ನೋಡುತ್ತ ಇನ್ನೊಂದು ಕಡೆ ಕೆಲಸ ಬದಲಿಸುವವರಿಗೆ ಬೇಕಾದದ್ದು ಇದೇ.

ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದಾದ್ದರಿಂದ ಮಂಡಿಯವರು ಗ್ನೋಮ್ ಕಡೆ ಹೊರಳುವುದು ಕಷ್ಟ. ಅವರು ವಿಂಡೋಸ್-ಟ್ಯಾಬ್ ಒತ್ತಿ, ಲಾಟ್ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ, ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಆ ವಿಂಡೋ ಕಾಣುವಂತೆ ಆಯ್ದುಕೊಂಡರೆ ಟೆಂಡರ್ ಮುಗಿಯುವತನಕ ಅದು ಜಾಗ ಬಿಟ್ಟು ಕದಲದು.